ಭಾನುವಾರದ ಎರಡನೇ ಪರೀಕ್ಷೆ

"ನನ್ನ ಕಣ್ಣು ಕಳುವಾಗ್ಯಾವ. ಬರ್ಕೊಳ್ರಿ."

ವಾಡಿ ಠಾಣೆಯ ಪಿಎಸ್‌ಐ ಬಸವೇಶ್ವರಿ ತಲೆ ಎತ್ತಿದಳು. ಎದುರಿಗೆ ಶಾಲೆಯ ಶಿಕ್ಷಕಿ ಶಾರದಾಬಾಯಿ. ಅಣ್ಣನ ಮಗಳು ಪ್ರಮಿತಾಳ ತೋಳನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದರು. ನೋಟ ಬಸವೇಶ್ವರಿಯ ಮುಖದ ಮೇಲಿರಲಿಲ್ಲ, ಕಿವಿಯ ಪಕ್ಕ ಎಲ್ಲೋ ನೆಟ್ಟಿತ್ತು.

"ಕುಂದ್ರಿ ಟೀಚರ್. ಸಾವಕಾಶ ಹೇಳ್ರಿ."

ಸಕ್ಕರೆ ಕಾಯಿಲೆ ಶಾರದಾಬಾಯಿಯ ಬಲಗಣ್ಣನ್ನು ಮೂರು ವರ್ಷಗಳ ಹಿಂದೆಯೇ ತಿಂದುಹಾಕಿತ್ತು. ಎಡಗಣ್ಣನ್ನು ಕಲಬುರಗಿಯ ಆಸ್ಪತ್ರೆಯೊಂದು ಇಂಜೆಕ್ಷನ್ ಕೊಟ್ಟು ಉಳಿಸಿತ್ತು. ರೆಟಿನಾ ಮತ್ತೆ ಊದಿಕೊಂಡರೆ ತಕ್ಷಣ ತಿಳಿಯಲೆಂದು ಅವರ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ಪ್ರತಿ ಭಾನುವಾರ ಮನೆಯಲ್ಲೇ ಒಂದೊಂದು ಕಣ್ಣು ಮುಚ್ಚಿಕೊಂಡು ಪರೀಕ್ಷೆ. ಫಲಿತಾಂಶ ನೇರ ಆಸ್ಪತ್ರೆಗೆ, ಅವರ ಮೊಬೈಲಿನಲ್ಲಿ ಕಾಣುತ್ತಿರಲಿಲ್ಲ. ನೋಟ ಕುಸಿದರೆ ಅವರೇ ಕರೆ ಮಾಡುವರು.

"ಎರಡ್ ತಿಂಗಳಿಂದ ಮಂಜ್ ಮಂಜ್ ಕಾಣ್ತಿತ್ತು. ಫೋನ್ ಬರ್ಲಿಲ್ಲಂದ್ರ ಕಣ್ಣು ಛೊಲೊ ಅದ ಅಂತ ಸುಮ್ಮನಿದ್ದೆ. ನಮ್ಮನಿಯವರೂ ಬ್ಯಾಸಿಗಿ ಧೂಳು, ಹೋಗ್ತದ ಅಂದ್ರು. ನಿನ್ನಿ ಡಾಕ್ಟರ್ ಅಂತಾರ, ಭಾಳ ತಡ ಆಯ್ತು, ಇನ್ನ ನೋಟ ಬರಂಗಿಲ್ಲ ಅಂತ. ಅವರ ಕಂಪ್ಯೂಟರ್‌ನಾಗ ನನ್ನ ಕಣ್ಣು ಇವತ್ತಿಗೂ ಛೊಲೊ ಅವ!"

ಇದನ್ನು ಯಾವ ಕಲಮಿನಡಿ ಬರೆದುಕೊಳ್ಳುವುದು? ಬಸವೇಶ್ವರಿಗೆ ತಿಳಿಯಲಿಲ್ಲ. ಕಳಿಸಿಬಿಡಲು ಮನಸ್ಸೂ ಬರಲಿಲ್ಲ.

* * *

ಮೊದಲ ಅನುಮಾನ ಆ್ಯಪ್ ಮೇಲೆ. ಅದನ್ನು ಹಾಕಿಕೊಟ್ಟಿದ್ದ ಆರೋಗ್ಯ ಕಾರ್ಯಕರ್ತೆ ಜಬೀನಾಳನ್ನು ಕರೆಸಿದಳು.

"ನಾ ಕಲಿಸಿದ್ದು ಒಂದೇ ಸಲ ಮೇಡಂ. ಆಮ್ಯಾಲ ಟೀಚರ್ ತಾವೇ ಮಾಡ್ತಿದ್ರು. ಆ್ಯಪ್ ಕೆಟ್ಟಿಲ್ಲ. ಬೇಕಾದ್ರ ನೀವೇ ಮಾಡಿ ನೋಡ್ರಿ."

ಬಸವೇಶ್ವರಿ ಜಬೀನಾಳ ಮೊಬೈಲ್ ಹಿಡಿದು ಒಂದು ಕಣ್ಣು ಮುಚ್ಚಿಕೊಂಡಳು. ಪರದೆಯ ಮೇಲೆ ನಾಲ್ಕು ಉಂಗುರಗಳು. ಸೊಟ್ಟಗಿದ್ದುದನ್ನು ಮುಟ್ಟಬೇಕು. ಮುಟ್ಟಿದಂತೆಲ್ಲ ಸೊಟ್ಟು ಕಡಿಮೆಯಾಗುತ್ತ ಹೋಯಿತು. ಕಾರ್ಯಕರ್ತೆಯ ಮೊಬೈಲಿನಲ್ಲಿ ಫಲಿತಾಂಶವೂ ಕಾಣುತ್ತಿತ್ತು: ಎರಡೂ ಕಣ್ಣಿಗೆ ಹಸಿರು ಗೆರೆ, ಅಂದರೆ ಪಾಸ್.

ಆಸ್ಪತ್ರೆಯವರು ಕಳಿಸಿದ್ದ ಶಾರದಾಬಾಯಿಯ ಫಲಿತಾಂಶ ತೆರೆದಳು. ಅಲ್ಲೂ ಎರಡು ಹಸಿರು ಗೆರೆ. ಅವಳ ಬೆರಳು ನಿಂತಿತು.

"ಟೀಚರ್ ಬಲಗಣ್ಣು ಸತ್ತು ಮೂರು ವರ್ಷ ಆಯ್ತಲ್ಲ, ಜಬೀನಾ?"

"ಹೌದ್ರಿ."

"ಸತ್ತ ಕಣ್ಣು ಪಾಸ್ ಹೆಂಗಾಯ್ತು?"

ಜಬೀನಾ ಬಾಯಿಗೆ ಸೆರಗು ಹಿಡಿದಳು.

ಆಸ್ಪತ್ರೆಯ ಯಂತ್ರ ಕುಸಿತವನ್ನಷ್ಟೇ ಹುಡುಕುತ್ತಿತ್ತು. ಕಣ್ಣು ಸುಧಾರಿಸಿದರೆ ಅದಕ್ಕೇನೂ ಅನ್ನಿಸುತ್ತಿರಲಿಲ್ಲ. ಬಸವೇಶ್ವರಿ ಫೋನಿನಲ್ಲಿ ಒತ್ತಾಯಿಸಿದ ಮೇಲೆ ಅಲ್ಲಿನ ನರ್ಸ್ ಹಳೆಯದನ್ನೆಲ್ಲ ತೆಗೆದು ನೋಡಿದಳು. ಎರಡು ತಿಂಗಳಿಂದ ಭಾನುವಾರಕ್ಕೆ ಎರಡೆರಡು ಪರೀಕ್ಷೆ ನಡೆದಿದ್ದವು. ಮೊದಲನೆಯದು ಕೆಂಪು, ಆಮೇಲಿನದು ಹಸಿರು. ಯಂತ್ರ ಎಣಿಸಿದ್ದು ಆಮೇಲಿನದನ್ನು.

"ಒಂದೇ ಪರೀಕ್ಷೆ ಆದ ಭಾನುವಾರ ಯಾವುದಾದ್ರೂ ಅದ ಏನು?"

"ಒಂದದ್ರಿ. ಅವತ್ತು ಕೆಂಪು ಬಂದಿತ್ತು. ನಾನೇ ಅವರ ಮನಿಗಿ ಫೋನ್ ಮಾಡಿದ್ದೆ."

ಯಾರು ಎತ್ತಿದರೆಂಬುದನ್ನೂ ನರ್ಸ್ ಹೇಳಿದಳು.

* * *

ಶಾರದಾಬಾಯಿಯ ಮೊಬೈಲಿನ ಬೀಗ ತೆಗೆಯಲು ಗೊತ್ತಿದ್ದವರಲ್ಲಿ ಪ್ರಮಿತಾಳೂ ಒಬ್ಬಳು. ಕೇಳಿದ್ದೇ ತಡ, ಹುಡುಗಿಯ ಕಣ್ಣಲ್ಲಿ ನೀರು ಬಂತು.

"ಅತ್ತಿ ಕಣ್ಣು ನಾ ಯಾಕ್ ಕಳೀಲಿರಿ?"

"ಆ ಭಾನುವಾರ ಎಲ್ಲಿದ್ರಿ?"

"ಚಿಂಚೋಳ್ಯಾಗ. ಅತ್ತಿಗಿ ಅಲ್ಲಿ ಹೆಡ್‌ಮಿಸ್ ಆಗಿ ಪ್ರಮೋಷನ್ ಬಂದಿತ್ತು. ಮನಿ ನೋಡ್ಲಿಕ್ಕ ಹೋಗಿದ್ವಿ. ಮಾಮಾ ಬರ್ಲಿಲ್ಲ."

"ಯಾಕ?"

ಪ್ರಮಿತಾ ದನಿ ತಗ್ಗಿಸಿದಳು. "ಒಬ್ಬಾಕಿನೇ ಇರ್ತೀನಿ, ನಿಮ್ ಜೋಡಿ ಸಂಸಾರ ಮಾಡಿದ್ದು ಸಾಕು ಅಂದಿದ್ರು ಅತ್ತಿ."

* * *

ಶಾರದಾಬಾಯಿಯ ಗಂಡ ಪಾಂಡುರಂಗರಾವ್ ಸಿಮೆಂಟ್ ಕಾರ್ಖಾನೆಯ ಆಫೀಸಿನಿಂದ ನಿವೃತ್ತರಾದವರು. ಮೆತ್ತಗಿನ ಮಾತು. ಬಸವೇಶ್ವರಿ ಒಳಗೆ ಬಂದಾಗ ಹೆಂಡತಿಗೆ ಅನ್ನ ಕಲೆಸಿ ಕೊಡುತ್ತಿದ್ದರು.

"ರಾಯರೇ, ಎರಡನೇ ಪರೀಕ್ಷೆ ಮಾಡ್ತಿದ್ದವರು ನೀವು."

ಕಲೆಸುತ್ತಿದ್ದ ಕೈ ನಿಂತಿತು.

"ಪ್ರಮಿತಾ ಮಾಡ್ತಿದ್ರ ಚಿಂಚೋಳ್ಯಾಗೂ ಎರಡು ಆಗ್ತಿದ್ವು. ಆಕಿ, ಫೋನು ಎರಡೂ ಅಲ್ಲೇ ಇದ್ವು. ಇರದವರು ನೀವೊಬ್ಬರೇ. ಅವತ್ತೇ ಕೆಂಪು ಹೋಯ್ತು. ನರ್ಸ್ ಮನಿಯವರ ನಂಬರಿಗಿ ಫೋನ್ ಮಾಡಿದ್ಲು. ಅದು ನಿಮ್ ನಂಬರ್. 'ಅಲ್ಲಿ ಬೆಳಕಿರಲಿಲ್ಲ, ನಾಳಿ ಮತ್ತ ಮಾಡಸ್ತೀನಿ' ಅಂದ್ರಿ. ಮರುದಿನ ಹಸಿರು ಕಳಿಸಿದ್ರಿ. ಆದ್ರ ಬಲಗಣ್ಣಿನ ಪಾಳಿ ಬಂದಾಗ ಬೇಕಂತಲೇ ತಪ್ಪು ಮುಟ್ಟಬೇಕು ಅನ್ನೋದು ಮರ್ತ್ರಿ. ನಿಮ್ಮವು ಎರಡೂ ಛೊಲೊ ಅವಲ್ಲ."

ಶಾರದಾಬಾಯಿ ಗಂಡನ ದನಿ ಬರುವ ಕಡೆ ಮುಖ ತಿರುಗಿಸಿದರು. "ಚಾರ್ಜಿಗಿ ಹಾಕ್ತೀನಿ ಅಂತ ಫೋನ್ ಒಳಗ ಒಯ್ತಿದ್ರಿ."

"ನಾ ಕೈ ಎತ್ತಿಲ್ಲ ಮೇಡಂ," ಎಂದರು ಪಾಂಡುರಂಗರಾಯರು. "ಹೋಗೇ ಬಿಡ್ತಿದ್ಲು. ಜರಾ ಮಂಜಾದ್ರ ಮನ್ಯಾಗ ಇರ್ತಾಳ ಅಂದ್ಕೊಂಡೆ. ಪೂರ್ತಿ ಹೋಗ್ತದ ಅಂತ ಗೊತ್ತಿರ್ಲಿಲ್ಲ."

"ಗೊತ್ತಿತ್ತು," ಎಂದರು ಶಾರದಾಬಾಯಿ. "ಬಲಗಣ್ಣು ಹೋದಾಗ ಡಾಕ್ಟರ್ ಹೇಳಿದ್ದು ನನ್ ಬಾಜೂಕ ಕುಂತು ಕೇಳಿದ್ರಿ."

ರಾಯರು ಎಂಜಲು ಕೈಯಲ್ಲೇ ಹೆಂಡತಿಯ ಮಣಿಕಟ್ಟು ಹಿಡಿದರು. "ನಾ ಕೈ ಹಿಡಿದು ನಡಸ್ತೀನಿ, ಶಾರದಾ. ಸಾಯೋತನ."

"ಅದಕ್ಕೇ ಮಾಡಿದ್ರಿ."

ಅವರು ಕೈ ಬಿಡಿಸಿಕೊಂಡು ಎದ್ದರು. ಪ್ರಮಿತಾ ಮುಂದೆ ಬಂದಳು. ಬೇಡವೆಂದು ತಲೆಯಾಡಿಸಿ, ಗೋಡೆ ತಡವುತ್ತ ಹೊರಗಿನ ಬೆಳಕಿನತ್ತ ನಡೆದರು. ಭುಜ ಬಾಗಿಲ ಚೌಕಟ್ಟಿಗೆ ಜೋರಾಗಿ ಬಡಿಯಿತು.

ರಾಯರು ತಟ್ಟನೆ ಎದ್ದರು. ಬಸವೇಶ್ವರಿ ಅವರ ಎದೆಗೆ ಅಂಗೈ ಒತ್ತಿದಳು.

"ಕುಂದ್ರಿ," ಎಂದಳು.