ವಾಪಸ್ ಬಂದ ಪಾಲುಸಾಮಿ

"ಮುಂದಿನವರು ಬನ್ನಿ."

ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಸೆಫೊ ಅಷ್ಟೇ ಹೇಳಿದ. ಹೆಸರಿಲ್ಲ, ನಗುವಿಲ್ಲ... ಯಾರೋ ಗುರುತಿಲ್ಲದವಳನ್ನು ಕರೆದ ಹಾಗೆ!

ಆ ಪುಟ್ಟ ದ್ವೀಪದೇಶದ ರಾಜಧಾನಿ ಆಪಿಯಾದ ಸರ್ಕಾರಿ ಖರೀದಿ ಕಚೇರಿಯಲ್ಲಿ ಅಂದು ಮಾದರಿ ಒಪ್ಪಿಸುವ ದಿನ. ಶಾಲೆ, ಆಸ್ಪತ್ರೆಗಳ ಊಟಕ್ಕೆ ತಟ್ಟೆ ಪೂರೈಸುವ ಟೆಂಡರ್. ಈ ಸಲ ಬೆಲೆ ಕಡಿಮೆಯಿದ್ದರೆ ಮಾತ್ರ ಸಾಲದು, ಉಂಡ ಮೇಲೆ ಕಡಲ ದಂಡೆಯಲ್ಲಿ ಕಸವಾಗಿ ಉಳಿಯದ ತಟ್ಟೆಗೆ ಹೆಚ್ಚು ಅಂಕ. ಫುವಾಟಿನೊ ತನ್ನೂರಿನ ಮಹಿಳಾ ಸಮಿತಿಯ ಪರವಾಗಿ ತೆಂಗಿನ ಗರಿಯಲ್ಲಿ ಹೆಣೆದ ತಟ್ಟೆಗಳನ್ನು ತಂದಿದ್ದಳು.

ಅವನ್ನು ಮೇಜಿನ ಮೇಲಿಡುತ್ತಾ ಅವಳು ಅವನ ಮುಖವನ್ನೇ ನೋಡಿದಳು. ಹೋದ ತಿಂಗಳವರೆಗೂ ಭಾನುವಾರ ಚರ್ಚ್ ಮುಗಿದ ಕೂಡಲೇ ತಮ್ಮ ಮನೆ ಚಾಪೆ ಮೇಲೆ ಕೂತು 'ಇನ್ನೊಂದು ಬಡಿಸು' ಅನ್ನುತ್ತಿದ್ದವನು ಇವನೇನಾ?

ಅಷ್ಟರಲ್ಲಿ ಮಾರೀಟಾ ಬಂದಳು. ಕಚೇರಿಗೆ ಹೊಸದಾಗಿ ಸೇರಿದ ಅಧಿಕಾರಿ, ಚೆಲುವೆ. ಬಾಗಿ ಸೆಫೊನ ಕಿವಿಯಲ್ಲಿ ಏನೋ ಹೇಳಿದಳು.

ಸೆಫೊ ನಕ್ಕ!

ಫುವಾಟಿನೊಗೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ಹೊರಗೆ ಮರದ ಕೆಳಗೆ ಕಾಯುತ್ತಿದ್ದ ಚಿಕ್ಕಮ್ಮ ತೆಲೇಸಿಯಾ ಸಮಾಧಾನ ಹೇಳಿದಳು. "ಟೆಂಡರ್ ಮುಗಿಯೋವರೆಗೂ ಆಫೀಸ್‌ನೋರು ನಮ್ ಜೊತೆ ಮಾತಾಡ್ಬಾರ್ದಂತೆ ಕಣೇ."

"ಟೆಂಡರ್ ಮಾತು ಆಡ್ಬಾರ್ದು ಚಿಕ್ಕಮ್ಮ. ಮುಖ ನೋಡಿ ನಗ್ಬಾರ್ದು ಅಂತಾನೂ ಇದೆಯಾ?"

"ಹಾಗಾದ್ರೆ ನೀನು ಬರಿಗೈಲಿ ಬಂದೆ ಅಂತ ಬೇಜಾರಾಗಿರ್ಬೇಕು. ನಾಳೆ ಪಾಲುಸಾಮಿ ಮಾಡ್ಕೊಂಡ್ ಬಾ. ಅದಕ್ಕೆ ಸೋಲದ ಗಂಡಸು ಈ ದ್ವೀಪದಲ್ಲೇ ಹುಟ್ಟಿಲ್ಲ!"

ಅವರಲ್ಲಿ ಯಾರ ಬಾಗಿಲಿಗೂ ಬರಿಗೈಯಲ್ಲಿ ಹೋಗುವ ರೂಢಿಯಿಲ್ಲ. ಮರುದಿನ ಅವಳು ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಕಟ್ಟಿ, ಕಾದ ಕಲ್ಲಿನ ಮೇಲೆ ಬೇಯಿಸಿ, ಬುಟ್ಟಿ ತುಂಬ ಕಚೇರಿಯೊಳಗೆ ಸೆಫೊಗೆ ಕಳಿಸಿದಳು.

ಬುಟ್ಟಿ ವಾಪಸ್ ಬಂತು. ಅದೂ ಮಾರೀಟಾಳ ಕೈಯಲ್ಲಿ!

"ತಗೊಳ್ಳಮ್ಮ. ಸೆಫೊ ಇದನ್ನ ಮುಟ್ಟೋ ಹಾಗಿಲ್ವಂತೆ."

ಉಣ್ಣಲು ಕೊಟ್ಟದ್ದನ್ನು ತಿರುಗಿ ಕಳಿಸುವುದೆಂದರೆ ಅಲ್ಲಿ ಕಪಾಳಕ್ಕೆ ಹೊಡೆದಂತೆ. ಸಾಲದ್ದಕ್ಕೆ, ಮಧ್ಯಾಹ್ನ ಕಿಟಕಿಯಲ್ಲಿ ಕಂಡಿದ್ದೇನು? ಮಾರೀಟಾಳ ಊಟದ ಡಬ್ಬಿಯಿಂದ ಸೆಫೊ ತಿನ್ನುತ್ತಿದ್ದ! ಇಬ್ಬರ ತಲೆಯೂ ಒಂದೇ ಕಾಗದದ ಮೇಲೆ ಬಾಗಿತ್ತು.

'ನನ್ನ ಪಾಲುಸಾಮಿ ಬೇಡ, ಅವಳ ಡಬ್ಬಿ ಬೇಕು... ತಿನ್ನು, ಚೆನ್ನಾಗಿ ತಿನ್ನು!' ದಾರಿಯುದ್ದಕ್ಕೂ ಅತ್ತಳು.

ಅಂಕ ಕೊಡುವ ದಿನ ಬಂತು. ಟೆಂಡರ್ ಹಾಕಿದವರೆಲ್ಲ ಸಭಾಂಗಣದಲ್ಲಿ ಕೂತಿದ್ದರು. ಆಯ್ಕೆ ಸಮಿತಿಯ ಮುದುಕ ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಟೆಂಡರ್ ಹಾಕಿದವರಲ್ಲಿ ಸಮಿತಿಯ ಯಾರಿಗಾದ್ರೂ ಸಂಬಂಧದೋರು ಇದ್ದಾರಾ?"

ಅಷ್ಟು ಚಿಕ್ಕ ದೇಶದಲ್ಲಿ ಯಾರಿಗೆ ಯಾರು ಸಂಬಂಧವಲ್ಲ ಹೇಳಿ! ಆ ಪ್ರಶ್ನೆ ಬಂದಾಗ ಎಲ್ಲರೂ ಛಾವಣಿ ನೋಡುವುದು ವಾಡಿಕೆ.

ಸೆಫೊ ಎದ್ದು ನಿಂತ.

"ನನಗಿದ್ದಾರೆ."

"ಯಾರಪ್ಪಾ? ಚಿಕ್ಕಪ್ಪನ ಮಗಳಾ?"

"ಸಂಬಂಧ ಇನ್ನೂ ಆಗಿಲ್ಲ ಯಜಮಾನ್ರೇ... ಆಗ್ಲಿ ಅಂತ ಆಸೆ." ಅವನ ಕಿವಿ ಕೆಂಪಗಾಯಿತು. "ಫುವಾಟಿನೊನ ನಾನು ಪ್ರೀತಿಸ್ತೀನಿ. ಅವಳ ತಟ್ಟೆಗೆ ಅಂಕ ಕೊಡೋಕೆ ನಾನು ಕೂರ್ಬಾರ್ದು. ನನ್ನ ಜಾಗದಲ್ಲಿ ಮಾರೀಟಾ ಕೂರ್ತಾರೆ. ಕೆಲಸ ಎಲ್ಲಾ ಹೇಳ್ಕೊಟ್ಟಿದ್ದೀನಿ."

ಸಭೆ ಹೋ ಎಂದು ನಕ್ಕಿತು. "ನಾನ್ ಹೇಳ್ಲಿಲ್ವಾ!" ಎಂದು ಚಿಕ್ಕಮ್ಮ ಕೂಗಿದಳು. ಫುವಾಟಿನೊಗೆ ಏನೂ ಕೇಳಿಸಲಿಲ್ಲ. ಹೊರಗೆ ಹೊರಟವನ ಹಿಂದೆಯೇ ಓಡಿದಳು.

"ಮೊದ್ಲೇ ಯಾಕೋ ಹೇಳ್ಲಿಲ್ಲ?"

"ನನ್ನ ಜಾಗಕ್ಕೆ ಒಬ್ರು ತಯಾರಾಗೋವರೆಗೂ ಬಿಡೋಕಾಗ್ತಿರ್ಲಿಲ್ಲ. ಅಷ್ಟರಲ್ಲಿ ನಿನ್ನ ಕೈ ತುತ್ತು ತಿಂದಿದ್ರೆ? ನಾಳೆ ನೀವು ಗೆದ್ರೂ ಜನ ಪಾಲುಸಾಮಿ ಕೊಟ್ಟು ಗೆದ್ರು ಅಂತಿದ್ರು. ನಿಮ್ಮೂರಿನ ಹೆಂಗಸರು ಹೆಣೆದಿದ್ದಕ್ಕೆ ಬೆಲೆ ಎಲ್ಲಿರ್ತಿತ್ತು?"

ಅವಳ ಕಣ್ಣು ತುಂಬಿತು. ಎಷ್ಟು ಬೈದುಕೊಂಡಿದ್ದಳು ಇವನನ್ನು!

"ಆ ಪಾಲುಸಾಮಿ... ಏನ್ ಮಾಡ್ದೆ?" ಸೆಫೊ ಆಸೆಯಿಂದ ಕೇಳಿದ.

"ಚಿಕ್ಕಮ್ಮನ ಹಂದಿಗೆ ಹಾಕ್ದೆ."

"ಅಯ್ಯೋ! ಎಲ್ಲಾನೂ?"

"ಎಲ್ಲಾನೂ." ಅವಳು ಭುಜಕ್ಕೇ ಕಣ್ಣೊರೆಸಿಕೊಂಡಳು. ಒಳಗಿನ ಬೆಂಕಿ ಇನ್ನೂ ಪೂರ್ತಿ ಆರಿರಲಿಲ್ಲ. "ಅದ್ಸರಿ... ಅವಳ ಡಬ್ಬಿ ಅಡುಗೆ ರುಚಿಯಾಗಿತ್ತಾ?"

ಸೆಫೊ ಮುಖ ಕಿವುಚಿದ.

"ಉಪ್ಪು ಜಾಸ್ತಿ."

"ಏನಂದೆ?"

"ಉಪ್ಪು ಜಾಸ್ತಿ ಅಂದೆ."

ಅವಳು ಮೆಲ್ಲಗೆ ಅವನ ಕೈ ಹಿಡಿದಳು.

"ಇನ್ನೊಂದ್ ಸಲ ಹೇಳು..."