ಹೂ ಬಿಡದ ಮೆಣಸಿನ ಸಾಲು

"ನರ್ಸಬಾಯಾರ, ನನ್ನ ಲಗ್ನ ಮುರೀತೈತ್ರಿ!"

ಯಲಬುರ್ಗಾ ಸೀಮೆಯ ಮಂಗಳೂರು ಎಂಬ ಹಳ್ಳಿಯಲ್ಲಿ ಶರಣಬಸಮ್ಮ ಪೂಜೆ ಮುಗಿಸಿ ಏಳುವಷ್ಟರಲ್ಲಿ ಅಮೃತಾ ಅಳುತ್ತ ಬಾಗಿಲಲ್ಲಿ ನಿಂತಿದ್ದಳು. ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಊರಿನ ಒಗಟುಗಳೆಲ್ಲ ಶರಣಬಸಮ್ಮನ ಬಾಗಿಲಿಗೇ ಬರುತ್ತಿದ್ದವು. ಆಸ್ಪತ್ರೆಯಲ್ಲಿ ಆಯಾ ಆಗಿದ್ದ ರಾಜಾಬೀ ಆಗಲೂ ಈಗಲೂ ಅವಳ ನೆರಳು. ಇವತ್ತಿನ ಚಹಾ ತಣ್ಣಗಾದಂತೆಯೇ ಎಂದುಕೊಂಡು ರಾಜಾಬೀ ಚಪ್ಪಲಿ ಮೆಟ್ಟಿದಳು.

ಅಮೃತಾಳನ್ನು ಕೈಹಿಡಿಯಬೇಕಾದ ವಿರುಪಾಕ್ಷಿ ಕೃಷಿ ಓದಿದವನು. ಬೇರಿನಲ್ಲಿ ಮನೆ ಮಾಡಿ ಗಿಡಕ್ಕೆ ಆಹಾರ ತಂದುಕೊಡುವ ಶಿಲೀಂಧ್ರದ ಮಣ್ಣು ತಂದು, ಅವಳ ಅಣ್ಣ ಯಂಕೇಶನ ಹೊಲದಲ್ಲಿ ಒಂದು ಸಾಲು ಮೆಣಸಿನ ಸಸಿಗೆ ಹಾಕಿಸಿದ್ದ. ಆ ಸಾಲಿಗೆ ಯೂರಿಯಾ ಅರ್ಧ. ಪಕ್ಕದ ಸಾಲಿಗೆ ಆ ಮಣ್ಣಿಲ್ಲ, ಯೂರಿಯಾ ಪೂರ್ತಿ. ಈಗ ಪಕ್ಕದ ಸಾಲು ಕಾಯಿಯ ಭಾರಕ್ಕೆ ಬಾಗಿತ್ತು. ವಿರುಪಾಕ್ಷಿಯ ಸಾಲಿನಲ್ಲಿ ಹೂವೇ ಇರಲಿಲ್ಲ.

"ಸುಳ್ಳು ಮಣ್ಣು ತಂದಾವಗ ತಂಗೀನ ಕೊಡಂಗಿಲ್ಲ" ಎಂದು ಯಂಕೇಶ ಖಡಾಖಂಡಿತ ಹೇಳಿದ್ದ.

ಹೊಲದಲ್ಲಿ ಶರಣಬಸಮ್ಮ ರೋಗಿಯ ಕಣ್ಣುರೆಪ್ಪೆ ಎತ್ತಿದಂತೆ ಎಲೆ ಎತ್ತಿ ನೋಡಿದಳು. ಕರಿಹಸಿರು ಎಲೆ, ಮೆತ್ತನೆಯ ಕಾಂಡ. ನೀರಿನ ಕಾಲುವೆಯ ಆಚೆ, ಅದೇ ಸಾಲಿನ ತುದಿಯ ಕೆಲವು ಗಿಡ ಮಾತ್ರ ಹದವಾಗಿ ಬೆಳೆದು ಮೈತುಂಬ ಕಾಯಿ ಹೊತ್ತಿದ್ದವು.

"ಒಂದ ತಾಯಿ ಮಕ್ಕಳೊಳಗ ಒಬ್ಬ ಸೋಮಾರಿ, ಒಬ್ಬ ದುಡಿಯಾಂವ ಇದ್ದಂಗ ಐತಲ್ರಿ ಬಾಯಾರ!" ಎಂದಳು ರಾಜಾಬೀ.

ಹೊಲದ ಮನೆಯಲ್ಲಿ ಯೂರಿಯಾ ಚೀಲದೊಳಗೆ ಶರಣಬಸಮ್ಮನಿಗೆ ಅಡುಗೆಮನೆಯ ಒಂದು ಸೌಟು ಸಿಕ್ಕಿತು. ಅಷ್ಟರಲ್ಲಿ ಯಂಕೇಶನ ಅಜ್ಜಿ ಮುದುಕವ್ವ ಮಂಡಿ ಹಿಡಿದುಕೊಂಡು, ಕೋಲೂರುತ್ತ ಬಂದು ಇಬ್ಬರನ್ನೂ ಊಟಕ್ಕೆ ಕೂಡಿಸಿದಳು. ರಾಜಾಬೀ ಒಂದೇ ರೊಟ್ಟಿ ಸಾಕೆಂದರೂ ಅಜ್ಜಿ ಕೇಳಲಿಲ್ಲ. "ಆಕಿಗೆ ಎರಡು, ನಿನಗ ಒಂದು ಅಂದ್ರ ಹೆಂಗವ್ವಾ?"

ಶರಣಬಸಮ್ಮ ಉಣ್ಣುವುದನ್ನು ನಿಲ್ಲಿಸಿ ಅಜ್ಜಿಯನ್ನೇ ನೋಡಿದಳು.

ಸಂಜೆ ಅಂಗಳದ ಬೇವಿನ ಕಟ್ಟೆಯ ಮೇಲೆ ಮನೆಯವರೆಲ್ಲ ಕೂಡಿದರು. ವಿರುಪಾಕ್ಷಿ ದೂರವೇ ನಿಂತಿದ್ದ.

"ಮಣ್ಣು ಸುಳ್ಳಾಗಿದ್ರ ಅರ್ಧ ಹೊಟ್ಟಿಗೆ ಈ ಗಿಡ ಬಿಳಿಚಬೇಕಿತ್ತು" ಎಂದಳು ಶರಣಬಸಮ್ಮ. "ಇವು ಹಸಿದಿಲ್ಲ ಯಂಕೇಶ, ಇವಕ್ಕ ಅಜೀರ್ಣ ಆಗೈತಿ. ಯೂರಿಯಾ ಮ್ಯಾಲ ಯೂರಿಯಾ ಬಿದ್ರ ಗಿಡ ಬರೇ ಎಲಿ ಬಿಡತೈತಿ, ಹೂ ಮರೀತೈತಿ. ಕುಂತಲ್ಲೇ ಊಟ ಸಿಕ್ರ ಬೇರು ಶಿಲೀಂಧ್ರದ ಗೆಳೆತನಾನೂ ಬಿಡತೈತಿ. ಕಾಲುವಿ ಆಚಿ ಹೆಚ್ಚಿನ ಯೂರಿಯಾ ಮುಟ್ಟಿಲ್ಲ, ಅಲ್ಲಿ ಕಾಯಿ ಐತಿ. ಮಣ್ಣು ಖರೇನ."

"ಕೆಡಿಸಿದಾವ್ರು ಆ ತುದಿ ಅಷ್ಟ ಯಾಕ ಬಿಟ್ರು?" ಎಂದ ಯಂಕೇಶ.

"ಕಾಲುವಿ ದಾಟಾಕ ಮಂಡಿ ಕೇಳಲಿಲ್ಲ. ಗೊಬ್ಬರಕ್ಕೂ ಸೌಟು ಹಿಡಿಯೋರು ದಿನಾ ಬಡಿಸೋರ. ಮತ್ತ ಕೆಡಿಸಬೇಕಂತ ಮಾಡಿದ್ದಲ್ಲ."

ಎಲ್ಲರ ಕಣ್ಣೂ ಅಜ್ಜಿಯ ಕಡೆ ಹೊರಳಿದವು.

"ಹೌದವ್ವಾ, ದಿನಾ ಒಂದೊಂದು ಸೌಟು ನಾನ ಹಾಕೀನಿ" ಎಂದಳು ಮುದುಕವ್ವ. "ಒಂದ ಹೊಲದಾಗ ಒಂದು ಸಾಲಿಗೆ ತುಂಬ, ಒಂದು ಸಾಲಿಗೆ ಅರ್ಧ. ಪಂಕ್ತಿಭೇದ ಮಾಡಿದ್ರ ದೇವರು ಮೆಚ್ಚತಾನೇನು?"

"ಆ ಸಾಲಿಗೆ ನೆಲದೊಳಗ ಬ್ಯಾರೆ ಬಡಿಸೋರು ಇದ್ರು, ಆಯಿ" ಎಂದಳು ಶರಣಬಸಮ್ಮ ಮೆಲ್ಲಗೆ.

ಅಜ್ಜಿ ವಿರುಪಾಕ್ಷಿಗೆ ಕೈಮುಗಿಯಹೋದಳು. ಅವನು ಓಡಿಬಂದು ಆ ಕೈಗಳನ್ನು ಹಿಡಿದುಕೊಂಡ. ಯಂಕೇಶ ಕಟ್ಟೆಯ ಮೇಲೆ ತುಸು ಸರಿದು, ಪಕ್ಕದಲ್ಲಿ ಜಾಗ ಮಾಡಿದ.

"ತಪ್ಪಾತಪಾ. ಬಾ, ಇಲ್ಲಿ ಕುಂದ್ರು. ಲಗ್ನದ ದಿನಾ ನೋಡೂಣು."

ಅಮೃತಾ ಮುಖಕ್ಕೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಈ ಸಲ ಅವಳು ಅಳುತ್ತಿಲ್ಲವೆಂಬುದನ್ನು ಪತ್ತೆಮಾಡಲು ರಾಜಾಬೀಗೆ ಯಾರ ನೆರವೂ ಬೇಕಾಗಲಿಲ್ಲ.