ಮೂರನೇ ನಿಮಿಷದ ಮಂಗಳ

ಮೈಸೂರಿನ ನಾದೋದಯ ಸಭೆಯ ಮುನ್ನೂರು ರಸಿಕರ ಕಿವಿಯಲ್ಲೂ ಅಂದು ಸಂಜೆ ಇಂಪುಕ ಕೆಲಸ ಮಾಡುತ್ತಿತ್ತು. ಅಂಗಿಯ ಗುಂಡಿಯಷ್ಟು ಯಂತ್ರ. ಕಿವಿಗೆ ಒಗ್ಗದ ನಾದ ಬಂದರೆ ಅದು ಕೇಳುಗನ ನೆನಪನ್ನು ತಡಕಿ, ಆ ನಾದಕ್ಕೆ ಹತ್ತಿರದ ಪರಿಚಿತ ಸಂಗೀತವನ್ನು ಕೇಳಿಸುತ್ತದೆ. ಕಾರ್ಯದರ್ಶಿಯ ಸ್ವಾಗತ ಭಾಷಣವೂ ಕಾಂಬೋಧಿ ರಾಗವಾಗಿ ಕೇಳಿಸಿ, ಆತನಿಗೆ ಜೀವಮಾನದಲ್ಲೇ ಮೊದಲ ಸಲ ಚಪ್ಪಾಳೆ ಬಿದ್ದಿತ್ತು.

ವೇದಿಕೆಯ ಪಕ್ಕದಲ್ಲಿ ಸಂಗೀತ ಸಂಯೋಜಕ ನಂಜುಂಡಾರಾಧ್ಯರು ಉರಿಯುತ್ತಿದ್ದರು. ಒಂದಕ್ಕೊಂದು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿದ ಏಳು ತಂಬೂರಿಗಳಿಗಾಗಿ ಅವರು ಹನ್ನೊಂದು ವರ್ಷ ತಿದ್ದಿ ತೀಡಿದ ನಲವತ್ತು ನಿಮಿಷದ ಕೃತಿ ಅಂದು ನುಡಿಯಲಿತ್ತು. ಅವರ ಹಿಂದಿನ ಯಾವ ಕೃತಿಯನ್ನೂ ಯಾರೂ ಕೊನೆಯವರೆಗೆ ಕೇಳಿರಲಿಲ್ಲ. ಒಮ್ಮೆಯಂತೂ ಪಕ್ಕವಾದ್ಯದವರೇ ಎದ್ದು ಹೋಗಿದ್ದರು. ಒಬ್ಬರಾದರೂ ಕೊನೆತನಕ ಕೂರಲಿ ಎಂಬುದಷ್ಟೇ ಅವರ ಆಸೆ. ಇಂಪುಕವಿಲ್ಲದೆ ವೇದಿಕೆ ಕೊಡುವುದಿಲ್ಲವೆಂದು ಸಭೆಯವರು ಹಟ ಹಿಡಿದಿದ್ದರು.

"ಅಲ್ಲಮ್ಮಾ, ನಾನು ಬರೆದದ್ದು ಯಾರಿಗೂ ಕೇಳಿಸೋದೇ ಇಲ್ವಲ್ಲ?" ಎಂದರು, ಇಂಪುಕವನ್ನು ಕಂಡುಹಿಡಿದ ಡಾ. ಕಾತ್ಯಾಯಿನಿಗೆ.

"ಕೇಳಿಸದೇ ಇದ್ರೇನೇ ಸಾರ್, ಕೂತಿರ್ತಾರೆ."

ತಂಬೂರಿಗಳು ಮೊರೆದವು. ಎರಡು ನಿಮಿಷ ಸಭೆ ತಲೆದೂಗಿತು. ಮೂರನೆಯದರಲ್ಲಿ ಏಳೂ ತಂಬೂರಿಗಳು ಮೆಲ್ಲಗೆ ತಣಿದು ಷಡ್ಜದ ಹತ್ತಿರ ನಿಂತವು. ಮುನ್ನೂರು ಜನ ಒಟ್ಟಿಗೆ ಎದ್ದು, ಕೈ ಮುಗಿದು, ಚಪ್ಪಲಿ ಹುಡುಕಿಕೊಂಡು ಹೊರಟೇಬಿಟ್ಟರು.

ಯಾರ ಕಿವಿಗೆ ಏನು ಕೇಳಿಸುತ್ತಿದೆಯೆಂದು ತೋರಿಸುವ ಮಾಪಕವನ್ನು ಕಾತ್ಯಾಯಿನಿ ನೋಡಿ ಹಣೆ ಚಚ್ಚಿಕೊಂಡಳು. "ಸಾರ್, ಎಲ್ಲರಿಗೂ ಮಂಗಳ ಕೇಳಿಸಿದೆ!"

ಕಛೇರಿಯ ಕೊನೆಗೆ ಮಂಗಳ ಹಾಡಿದ ಮೇಲೂ ಕೂತಿರುವುದು ನಮ್ಮ ರಸಿಕರಿಗೆ ಗೊತ್ತೇ ಇಲ್ಲ. ವಾದಕರು ಕೈ ನಿಲ್ಲಿಸಿ ಆರಾಧ್ಯರ ಮುಖ ನೋಡಿದರು.

"ನುಡಿಸ್ರಯ್ಯಾ, ಗೋಡೆಗಳಾದ್ರೂ ಕೇಳಲಿ!"

ದೋಷ ಎಲ್ಲಿದೆಯೆಂದು ನೋಡಲು ಕಾತ್ಯಾಯಿನಿ ತನ್ನ ಕಿವಿಯ ಇಂಪುಕವನ್ನು ಕಿತ್ತು ತೆಗೆದು, ಮೊದಲ ಸಾಲಿನಲ್ಲಿ ಕೂತಳು. ಮುಖ ಕಿವುಚಿದಳು, ಹಲ್ಲು ಕಚ್ಚಿದಳು. ಕೊನೆಯ ತಂತಿ ಅಡಗಿದಾಗಲೂ ಅಲ್ಲೇ ಇದ್ದಳು.

"ಹೇಗಿತ್ತಮ್ಮಾ?" ಆರಾಧ್ಯರು ಅವಳ ಬಳಿಗೆ ಓಡಿಬಂದು ಕೇಳಿದರು.

"ನಿಜ ಹೇಳ್ಲಾ ಸಾರ್? ಎರಡು ಸಲ ಎದ್ದು ಹೋಗೋಣ ಅನ್ನಿಸ್ತು."

"ಮತ್ಯಾಕೆ ಹೋಗ್ಲಿಲ್ಲ?"

"ಮುಂದೇನು ಬರುತ್ತೋ ಗೊತ್ತಾಗ್ಲಿಲ್ಲ. ಇಂಪುಕ ಹಾಕ್ಕೊಂಡಾಗಿಂದ, ಹಾಗೆ ಗೊತ್ತಿಲ್ದೆ ಏನನ್ನಾದ್ರೂ ಕೇಳಿ ಆರು ವರ್ಷ ಆಗಿತ್ತು ಸಾರ್."

ಅವಳಿಗೆ ಎದ್ದು ಹೋಗಬೇಕೆನಿಸಿದ್ದು ಎಲ್ಲೆಲ್ಲಿ ಎಂದು ಆರಾಧ್ಯರು ವಿಚಾರಿಸಿ, ಜೇಬಿನಿಂದ ಪೆನ್ಸಿಲ್ ತೆಗೆದು, ಕೃತಿಯ ಹಸ್ತಪ್ರತಿಯಲ್ಲಿ ಆ ಎರಡು ಜಾಗಗಳನ್ನೂ ಇನ್ನಷ್ಟು ಉದ್ದ ಮಾಡಿದರು.